ಹುಣ್ಣಿಮೆ ರಾತ್ರಿ, ನೀರಿನ ಪಕ್ಕ ಟೆಂಟ್: ಕಡಲತೀರದ ಕ್ಯಾಂಪಿಂಗ್ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

"ಬೀಚಲ್ಲಿ ಫ್ರೀ ಕ್ಯಾಂಪಿಂಗ್! ರೂಮಿಗೆ ಯಾಕೆ ದುಡ್ಡು ಕೊಡ್ತೀರಿ? ಒಂದು ಟೆಂಟ್ ತಗೊಳ್ಳಿ, ನೀರಿನ ಹತ್ತಿರ ಗಟ್ಟಿ ಮರಳಲ್ಲಿ ಹಾಕಿ. ಹುಣ್ಣಿಮೆ ದಿನ ಹೋದ್ರೆ ಟಾರ್ಚೂ ಬೇಡ. ಎಲ್ಲಾ ಗ್ರೂಪಿಗೂ ಶೇರ್ ಮಾಡಿ."

ಜೊತೆಗೊಂದು ವಿಡಿಯೊ. ಅಲೆಗಳಿಂದ ಹತ್ತು ಹೆಜ್ಜೆ ದೂರದಲ್ಲಿ ದೊಡ್ಡದೊಂದು ಕ್ಯಾರವಾನ್, ಮುಂದೆ ಮಡಚುವ ಕುರ್ಚಿ, ಪಕ್ಕದಲ್ಲಿ ಬೆಂಕಿ. ಡಿಸೆಂಬರ್ ರಜೆ ಹತ್ತಿರ ಬಂದಾಗ ಇಂಥ ಸಂದೇಶಗಳು ಕಾಲೇಜು ಗೆಳೆಯರ ಗ್ರೂಪಿನಿಂದ ಹಿಡಿದು ಚಿಕ್ಕಮ್ಮಂದಿರ ಗ್ರೂಪಿನವರೆಗೆ ಎಲ್ಲ ಕಡೆ ಸುತ್ತುತ್ತವೆ. ನೋಡಿದರೆ ಯಾರಿಗೂ ಕೆಡುಕು ಬಯಸದ, ಖುಷಿಯ ಸಂದೇಶ. ಆದರೆ ಇದರಲ್ಲಿ ಮೂರು ತಪ್ಪುಗಳಿವೆ: 'ಫ್ರೀ' ಎಂಬುದು ಒಂದು, 'ಗಟ್ಟಿ ಮರಳು' ಎರಡನೆಯದು, 'ಹುಣ್ಣಿಮೆ' ಮೂರನೆಯದು. ಕೊನೆಯ ಎರಡು ಸೇರಿದರೆ ಜೀವಕ್ಕೇ ಅಪಾಯ.

ವಿಡಿಯೊದಲ್ಲಿರುವುದು ಯಾವ ಕಡಲತೀರ?

ಮರಳಿನ ಮೇಲೆಯೇ ಕ್ಯಾರವಾನ್ ಓಡಿಸಿಕೊಂಡು ಹೋಗಿ ಅಲ್ಲೇ ರಾತ್ರಿ ತಂಗುವ ಇಂಥ ವಿಡಿಯೊಗಳಲ್ಲಿ ಹಲವು ಅಮೆರಿಕದವು. ಅಲ್ಲಿ ಇದಕ್ಕೆ ಹೆಸರಾದ ಜಾಗಗಳಲ್ಲೊಂದು ಟೆಕ್ಸಾಸ್ ರಾಜ್ಯದ ಪ್ಯಾಡ್ರೆ ಐಲ್ಯಾಂಡ್ ನ್ಯಾಷನಲ್ ಸೀಶೋರ್. 1962ರಲ್ಲಿ ಸಂರಕ್ಷಿತವಾದ ಈ ಉದ್ದನೆಯ ಮರಳು ದ್ವೀಪದಲ್ಲಿ ಸುಮಾರು 60 ಮೈಲಿ, ಅಂದರೆ ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ದಡದಗುಂಟ ಗಾಡಿ ಓಡಿಸಬಹುದು. ನಲ್ಲಿಯಿಲ್ಲ, ಕರೆಂಟಿಲ್ಲ, ಗುರುತು ಹಾಕಿದ ಜಾಗವೂ ಇಲ್ಲ. ನೀರು, ಊಟ, ಕಸದ ಚೀಲ ಎಲ್ಲವನ್ನೂ ನಾವೇ ಒಯ್ಯಬೇಕು, ಕಸವನ್ನು ನಾವೇ ವಾಪಸ್ ತರಬೇಕು. ಇದನ್ನೇ ಅಲ್ಲಿನವರು 'ಪ್ರಿಮಿಟಿವ್ ಕ್ಯಾಂಪಿಂಗ್' ಎನ್ನುವುದು.

ಸೌಲಭ್ಯ ಇಲ್ಲ ಎಂದರೆ ನಿಯಮ ಇಲ್ಲ ಎಂದಲ್ಲ. ಪ್ರವೇಶ ಶುಲ್ಕವಿದೆ, ಕ್ಯಾಂಪಿಂಗ್ ಪರ್ಮಿಟ್ ಪಡೆಯಬೇಕು, ಎಷ್ಟು ದಿನ ಇರಬಹುದು ಎಂಬ ಮಿತಿಯಿದೆ. ಆ ಮರಳು ಕಾನೂನಿನ ಪ್ರಕಾರ ಸಾರ್ವಜನಿಕ ರಸ್ತೆ, ಹಾಗಾಗಿ ಲೈಸೆನ್ಸ್, ಸೀಟ್ ಬೆಲ್ಟ್, ವೇಗದ ಮಿತಿ ಎಲ್ಲವೂ ಅನ್ವಯ. ಮೊದಲ ಐದು ಮೈಲಿ ದಾಟಿದ ಮೇಲೆ ಫೋರ್ ವೀಲ್ ಡ್ರೈವ್ ಇಲ್ಲದೆ ಮುಂದೆ ಹೋಗುವ ಹಾಗಿಲ್ಲ.

ಇದೆಲ್ಲಕ್ಕಿಂತ ಮುಖ್ಯವಾದ, ಯಾವ ಫಾರ್ವರ್ಡ್‌ನಲ್ಲೂ ಇರದ ವಿಷಯ ಬೇರೆಯೇ ಇದೆ. ಟೆಕ್ಸಾಸ್‌ನ ಆ ಕೊಲ್ಲಿಯಲ್ಲಿ ಉಬ್ಬರವಿಳಿತ ಬಹಳ ಚಿಕ್ಕದು. ನೀರು ಏರಿಳಿಯುವುದು ಸಾಮಾನ್ಯವಾಗಿ ಅರ್ಧ ಮೀಟರಿನ ಆಸುಪಾಸು, ಅದೂ ಬಹಳಷ್ಟು ದಿನ ಒಂದೇ ಸಲ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತಮುತ್ತ ಕಾರವಾರದ ಕಡೆ ನೀರು ಸುಮಾರು ಒಂದೂವರೆ ಮೀಟರ್ ಏರಿಳಿಯುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಂತೂ ಈ ವ್ಯತ್ಯಾಸ ಹತ್ತು ಮೀಟರ್ ತಲುಪುವುದುಂಟು. ಟೆಕ್ಸಾಸ್‌ನಲ್ಲಿ ಅಲೆಯಿಂದ ಹತ್ತು ಹೆಜ್ಜೆ ದೂರ ಇದ್ದವರ ಧೈರ್ಯವನ್ನು ಗೋಕರ್ಣಕ್ಕೆ ತಂದರೆ ಕೆಲಸಕ್ಕೆ ಬಾರದು.

ಗಟ್ಟಿ ಮರಳು ಯಾಕೆ ಗಟ್ಟಿ?

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ವರ್ಷದ ಹಿಂದೆ ಜನವರಿಯಲ್ಲಿ ನಾವು ಐದು ಜನ ಗೋಕರ್ಣದ ಹತ್ತಿರ ಟೆಂಟ್ ಹಾಕಿದ್ದೆವು. ಹುಣ್ಣಿಮೆ ಅಂತಲೇ ಆ ದಿನ ಆರಿಸಿಕೊಂಡಿದ್ದು. ಸಂಜೆ ಐದಕ್ಕೆ ತಲುಪಿದಾಗ ಕಡಲತೀರ ಕ್ರಿಕೆಟ್ ಮೈದಾನದಷ್ಟು ಅಗಲವಾಗಿತ್ತು. ಮೇಲಿನ ಒಣ ಮರಳಿನಲ್ಲಿ ಗೂಟ ನಿಲ್ಲುತ್ತಿರಲಿಲ್ಲ, ಕೆಳಗೆ ಒದ್ದೆ ಮರಳಿನಲ್ಲಿ ಚೆನ್ನಾಗಿ ಕಚ್ಚಿಕೊಂಡವು. ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ದೂರದಿಂದಲೇ ಕೂಗಿದರು: "ಹೋಯ್, ಅಲ್ಲಿ ಹಾಕ್ಬೇಡಿ. ರಾತ್ರಿ ನೀರು ಬತ್ತದೆ." ನಾವು ನಕ್ಕು ತಲೆಯಾಡಿಸಿದೆವು. ನೀರು ಅಷ್ಟು ದೂರದಲ್ಲಿತ್ತಲ್ಲ.

ರಾತ್ರಿ ಹನ್ನೊಂದಕ್ಕೆ ಸ್ವಲ್ಪ ಮೊದಲು ನನ್ನ ಗೆಳತಿ ಕಾಲಿಗೆ ತಣ್ಣಗಾಗಿ ಎದ್ದಳು. ಅಷ್ಟರಲ್ಲಿ ಇನ್ನೊಂದು ಅಲೆ ಬಂದು ಟೆಂಟಿನ ನೆಲವನ್ನೇ ಎತ್ತಿತು. ಜಿಪ್ ಎಲ್ಲಿದೆ ಎಂದು ಕತ್ತಲಲ್ಲಿ ಹುಡುಕಿದ ಆ ಅರ್ಧ ನಿಮಿಷ ನನಗೆ ಇನ್ನೂ ನೆನಪಿದೆ. ಎರಡು ಜೊತೆ ಚಪ್ಪಲಿ, ಒಂದು ಫೋನ್, ಒಂದು ಪವರ್ ಬ್ಯಾಂಕ್ ಹೋಯಿತು. ಒಬ್ಬರೂ ಹೋಗಲಿಲ್ಲ, ಅಷ್ಟೇ ಪುಣ್ಯ.

ಆಮೇಲೆ ಓದಿದಾಗ ತಿಳಿದದ್ದು ಇಷ್ಟು. ಒಣ ಮರಳಿನ ಕಣಗಳ ನಡುವೆ ಹಿಡಿತವಿರುವುದಿಲ್ಲ. ಸ್ವಲ್ಪ ನೀರು ಸೇರಿದರೆ ಅದೇ ಅಂಟಿನಂತೆ ಕಣಗಳನ್ನು ಹಿಡಿದಿಡುತ್ತದೆ, ಮಕ್ಕಳು ಮರಳಿನ ಗುಡಿ ಕಟ್ಟುವುದು ಇದರಿಂದಲೇ. ಕಡಲತೀರದ ಇಳಿಜಾರಿನಲ್ಲಿ ಮರಳು ಗಟ್ಟಿಯಾಗಿದೆ ಎಂದರೆ ಕೆಲವೇ ಗಂಟೆಗಳ ಹಿಂದೆ ಅಲ್ಲಿ ಸಮುದ್ರವಿತ್ತು ಎಂದರ್ಥ. ಇನ್ನು ಕೆಲವು ಗಂಟೆಗಳಲ್ಲಿ ಮತ್ತೆ ಬರುತ್ತದೆ.

ಎಷ್ಟು ದೂರ ಬರುತ್ತದೆ? ದಡ ಪ್ರತಿ 30 ಮೀಟರಿಗೆ 1 ಮೀಟರ್ ಏರುವಂಥ ಇಳಿಜಾರಾಗಿದೆ ಎಂದುಕೊಳ್ಳಿ. ನೀರಿನ ಮಟ್ಟ ಒಂದೂವರೆ ಮೀಟರ್ ಏರಿದರೆ ಅದು ಮುಂದೆ ಬರುವುದು 45 ಮೀಟರ್, ಹತ್ತಿರ ಹತ್ತಿರ 150 ಅಡಿ. ಅದರ ಮೇಲೆ ಅಲೆಗಳು ನುಗ್ಗುವ ದೂರವನ್ನು ಬೇರೆ ಸೇರಿಸಬೇಕು.

ಹುಣ್ಣಿಮೆಯೇ ಯಾಕೆ ಕೆಟ್ಟ ಆಯ್ಕೆ?

ಸೂರ್ಯ, ಭೂಮಿ, ಚಂದ್ರ ಒಂದೇ ಸಾಲಿಗೆ ಬರುವುದು ಹುಣ್ಣಿಮೆ ಮತ್ತು ಅಮಾವಾಸ್ಯೆಗಳಲ್ಲಿ. ಆಗ ಸೂರ್ಯ ಚಂದ್ರರ ಸೆಳೆತ ಒಂದಕ್ಕೊಂದು ಕೂಡಿಕೊಂಡು ಉಬ್ಬರ ಹೆಚ್ಚು ಎತ್ತರಕ್ಕೆ ಹೋಗುತ್ತದೆ, ಇಳಿತ ಹೆಚ್ಚು ಕೆಳಕ್ಕೆ ಇಳಿಯುತ್ತದೆ. ಇದರ ಪ್ರಭಾವ ಹುಣ್ಣಿಮೆಯ ನಂತರದ ಒಂದೆರಡು ದಿನವೂ ಇರುತ್ತದೆ. ಇಷ್ಟು ಶಾಲೆಯಲ್ಲಿ ಓದಿರುತ್ತೇವೆ. ಓದದೇ ಇರುವುದು ಗಡಿಯಾರದ ಲೆಕ್ಕ.

ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನದಿನಕ್ಕೆ ಸಮಯ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹದಿನೈದು ದಿನಕ್ಕೆ ಸುತ್ತು ಮುಗಿದು ಅದೇ ಗಂಟೆಗೆ ವಾಪಸ್ ಬರುತ್ತದೆ. ಇದರಿಂದಾಗಿ ಒಂದೊಂದು ಊರಿನಲ್ಲೂ ಹುಣ್ಣಿಮೆಯ ಉಬ್ಬರ ಪ್ರತಿ ಸಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೀಳುತ್ತದೆ. ನಮ್ಮ ಕರಾವಳಿಯಲ್ಲಿ ಆ ಹೊತ್ತು ಸುಮಾರು ಬೆಳಿಗ್ಗೆ 11 ಮತ್ತು ರಾತ್ರಿ 11, ಊರಿಗೆ ತಕ್ಕಂತೆ ಒಂದು ಗಂಟೆ ಆಚೀಚೆ. ಇಳಿತ ಸಂಜೆ 5ರ ಸುಮಾರಿಗೆ.

ಈಗ ಪ್ರವಾಸಿಗರ ದಿನಚರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹುಣ್ಣಿಮೆಯ ದಿನ ನಾವು ಸೂರ್ಯಾಸ್ತ ನೋಡಲು ಸಂಜೆ ಐದಕ್ಕೆ ದಡಕ್ಕೆ ಬರುತ್ತೇವೆ. ಆಗ ಸಮುದ್ರ ಅತಿ ಹಿಂದಕ್ಕೆ ಸರಿದಿರುತ್ತದೆ, ಜಾಗ ಅತಿ ಅಗಲವಾಗಿ ಕಾಣುತ್ತದೆ. ಟೆಂಟ್ ಹಾಕಿ, ಊಟ ಮಾಡಿ, ಮಲಗುವ ಹೊತ್ತಿಗೆ ಸರಿಯಾಗಿ ನೀರು ಅತಿ ಮುಂದಕ್ಕೆ ಬಂದಿರುತ್ತದೆ. ನಾವು ಐವರು ದುರದೃಷ್ಟವಂತರೇನಲ್ಲ, ಪಂಚಾಂಗ ನೋಡದವರು ಅಷ್ಟೇ.

ಮೀನುಗಾರರಿಗೆ ಇದಕ್ಕೆ ಆ್ಯಪ್ ಬೇಕಿಲ್ಲ, ತಿಥಿ ಸಾಕು. ನಿಮಗೂ ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು: ಹುಣ್ಣಿಮೆ, ಅಮಾವಾಸ್ಯೆ ಎಂದರೆ ದೊಡ್ಡ ಉಬ್ಬರ, ಅಷ್ಟಮಿಯ ಸುತ್ತಮುತ್ತ ಚಿಕ್ಕ ಉಬ್ಬರ. ನಿಖರ ಸಮಯ ಬೇಕಿದ್ದರೆ ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಪ್ರಕಟಿಸುವ ಮಾಹಿತಿ ನೋಡಬಹುದು. ಒಂದು ಎಚ್ಚರ: ಒಂದೇ ದಿನದ ಎರಡು ಉಬ್ಬರಗಳು ಸಮ ಇರುವುದಿಲ್ಲ. "ಬೆಳಿಗ್ಗೆ ಇಲ್ಲಿವರೆಗೆ ಮಾತ್ರ ಬಂದಿತ್ತು" ಎಂಬುದು ರಾತ್ರಿಗೆ ಗ್ಯಾರಂಟಿ ಅಲ್ಲ.

ದಡದಲ್ಲಿ ನಿಂತಾಗ ನೋಡಬೇಕಾದದ್ದು ಕಸದ ಗೆರೆ. ಒಣಗಿದ ಕಡಲಕಳೆ, ಕಡ್ಡಿ, ಚಿಪ್ಪು, ಥರ್ಮೊಕೋಲ್ ಚೂರು, ಬಾಟಲಿ ಮುಚ್ಚಳ ಇವೆಲ್ಲ ಸಾಲಾಗಿ ಬಿದ್ದಿರುತ್ತವೆ. ಅದು ಇತ್ತೀಚೆಗೆ ನೀರು ತಲುಪಿದ ಗಡಿ. ಒಂದಕ್ಕಿಂತ ಹೆಚ್ಚು ಗೆರೆ ಕಂಡರೆ ಎಲ್ಲಕ್ಕಿಂತ ಮೇಲಿನದನ್ನು ಹಿಡಿಯಿರಿ, ಅದರಿಂದಲೂ ಸಾಕಷ್ಟು ಮೇಲೆ ಹೋಗಿ. ಅಳಿವೆಯ ಹತ್ತಿರ ಮಾತ್ರ ಈ ಲೆಕ್ಕವನ್ನೂ ನಂಬಬೇಡಿ. ನದಿ ಸಮುದ್ರ ಸೇರುವ ಕಡೆ ನೀರು ಹಿಂದಿನಿಂದಲೂ ಸುತ್ತಿಕೊಂಡು ಬಂದು ಮರಳುದಿಬ್ಬವನ್ನು ದ್ವೀಪ ಮಾಡಿಬಿಡುತ್ತದೆ.

"ಗಾಳಿ ಮಳೆ ಇಲ್ಲದಿದ್ದರೆ ದೊಡ್ಡ ಅಲೆ ಬರಲ್ಲ"

ಸುಳ್ಳು. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಕೆಲವು ದಿನ ಪಯಣಿಸಿ ನಮ್ಮ ದಡಕ್ಕೆ ಬರುತ್ತವೆ. ಇಲ್ಲಿ ಆಕಾಶ ತಿಳಿಯಾಗಿರುತ್ತದೆ, ಗಾಳಿಯೂ ಇರುವುದಿಲ್ಲ. ಕೇರಳದ ಮೀನುಗಾರರು ಇದಕ್ಕೆ ಇಟ್ಟ ಹೆಸರು 'ಕಳ್ಳಕ್ಕಡಲ್', ಕಳ್ಳನ ಹಾಗೆ ಬರುವ ಕಡಲು. ಈಗ ಅಂತರರಾಷ್ಟ್ರೀಯ ವಿಜ್ಞಾನ ವಲಯದಲ್ಲೂ ಅದೇ ಹೆಸರು ಬಳಕೆಯಲ್ಲಿದೆ. ಮುಂಗಾರಿಗೆ ಮೊದಲಿನ ಏಪ್ರಿಲ್, ಮೇ ತಿಂಗಳಲ್ಲಿ ಇದು ಹೆಚ್ಚು.

2024ರ ಮೇ 6ರಂದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯ ಕಡಲತೀರವೊಂದರಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ನೀರುಪಾಲಾದರು. ಇನ್‌ಕಾಯಿಸ್ ಆ ದಿನಗಳಲ್ಲಿ ಕಳ್ಳಕ್ಕಡಲ್ ಎಚ್ಚರಿಕೆ ಕೊಟ್ಟಿತ್ತು. ಎಚ್ಚರಿಕೆ ಇತ್ತು, ಅದು ಅವರ ಫೋನಿಗೆ ಫಾರ್ವರ್ಡ್ ಆಗಿ ಬಂದಿತ್ತೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಹೊರಡುವ ಹಿಂದಿನ ದಿನ ಇನ್‌ಕಾಯಿಸ್ ಜಾಲತಾಣದಲ್ಲಿ 'ಹೈ ವೇವ್' ಅಥವಾ 'ಸ್ವೆಲ್ ಸರ್ಜ್' ಎಚ್ಚರಿಕೆ ಇದೆಯೇ ಎಂದು ನೋಡಲು ಎರಡು ನಿಮಿಷ ಸಾಕು.

ಅಂದ ಹಾಗೆ, "ಪ್ರತಿ ಏಳನೇ ಅಲೆ ದೊಡ್ಡದು" ಎಂಬ ಮಾತೂ ಆಗಾಗ ಬರುತ್ತದೆ. ಅಲೆಗಳು ಗುಂಪು ಗುಂಪಾಗಿ ಬರುವುದು, ಗುಂಪಿನ ಮಧ್ಯದವು ದೊಡ್ಡದಿರುವುದು ನಿಜ. ಏಳು ಎಂಬ ಸಂಖ್ಯೆಗೆ ಮಾತ್ರ ಆಧಾರವಿಲ್ಲ.

"ಅಲೆ ಏಳದ ಜಾಗದಲ್ಲಿ ಇಳಿಯಿರಿ, ಅದು ಸೇಫ್"

ಕಡಲತೀರದ ಫಾರ್ವರ್ಡ್‌ಗಳಲ್ಲೆಲ್ಲ ಇದು ಅತ್ಯಂತ ಅಪಾಯಕಾರಿ, ಯಾಕೆಂದರೆ ಕೇಳಿದರೆ ಸರಿ ಅನಿಸುತ್ತದೆ.

ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕಲ್ಲ. ಅದು ಕಡಿಮೆ ಅಡ್ಡಿ ಇರುವ ದಾರಿ ಹುಡುಕುತ್ತದೆ. ನೀರಿನಡಿಯ ಮರಳುದಿಬ್ಬಗಳ ನಡುವೆ ಕಾಲುವೆಯಂಥ ಆಳದ ಜಾಗವಿದ್ದರೆ, ಅಥವಾ ಬಂಡೆಗಳು ಸಮುದ್ರಕ್ಕೆ ಚಾಚಿಕೊಂಡಿದ್ದರೆ, ಅದರಗುಂಟ ನೀರು ಒಟ್ಟಾಗಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಈ ಸೆಳವನ್ನು ಇಂಗ್ಲಿಷಿನಲ್ಲಿ ರಿಪ್ ಕರೆಂಟ್ ಎನ್ನುತ್ತಾರೆ. ಕಾಲುವೆ ಆಳವಾಗಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ದಡದಿಂದ ನೋಡಿದರೆ ಎರಡೂ ಕಡೆ ಬಿಳಿ ನೊರೆ, ನಡುವೆ ಒಂದು ಪಟ್ಟಿ ಮಾತ್ರ ಕಪ್ಪಾಗಿ, ಸಪಾಟಾಗಿ, ಶಾಂತವಾಗಿ ಕಾಣುತ್ತದೆ. ಈಜು ಬರದವರು, ಮಕ್ಕಳನ್ನು ಕರೆದುಕೊಂಡವರು "ಇಲ್ಲಿ ಅಲೆ ಕಡಿಮೆ" ಎಂದು ಅಲ್ಲೇ ಇಳಿಯುತ್ತಾರೆ.

ಸೆಳವಿನ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಒಲಿಂಪಿಕ್ ಈಜುಗಾರರೂ ಅದಕ್ಕೆ ಎದುರಾಗಿ ಬಹಳ ಹೊತ್ತು ಈಜಲಾರರು. ಆದರೆ ಅದು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಎಳೆಯುತ್ತದೆ. ಅಲೆ ಒಡೆಯುವ ಸಾಲು ದಾಟಿದ ಮೇಲೆ ಸಾಮಾನ್ಯವಾಗಿ ಅದರ ಬಲ ಕುಂದುತ್ತದೆ. ಜನ ಸಾಯುವುದು ದಡಕ್ಕೆ ನೇರವಾಗಿ ಈಜಲು ಹೋಗಿ ಸುಸ್ತಾಗುವುದರಿಂದ. ಸಿಕ್ಕಿಕೊಂಡರೆ ಬೆನ್ನ ಮೇಲೆ ತೇಲಿ, ಉಸಿರು ಉಳಿಸಿಕೊಳ್ಳಿ, ಒಂದು ಕೈ ಎತ್ತಿ ಕೂಗಿ. ಈಜು ಬರುವವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ನೊರೆಯಿರುವ ಕಡೆ ಸೇರಿ, ಅಲೆಗಳ ಜೊತೆಗೇ ದಡಕ್ಕೆ ಬರಬಹುದು.

ದಡದಲ್ಲಿದ್ದವರಿಗೆ ಇನ್ನೂ ಕಷ್ಟದ ಮಾತು ಹೇಳಬೇಕಿದೆ: ಹಿಂದೆಯೇ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಸುದ್ದಿಗಳನ್ನು ನೀವೂ ಓದಿರುತ್ತೀರಿ. ಕೈ ಕೈ ಹಿಡಿದು ಸರಪಳಿ ಮಾಡುವುದೂ ಬೇಡ, ಒಂದು ಅಲೆಗೆ ಸರಪಳಿ ಕಡಿದರೆ ಎಲ್ಲರೂ ನೀರಲ್ಲಿ. ತೇಲುವ ಏನನ್ನಾದರೂ ಎಸೆಯಿರಿ: ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್, ಚೆಂಡು, ಐಸ್ ಬಾಕ್ಸ್. ಲೈಫ್‌ಗಾರ್ಡ್ ಇದ್ದರೆ ಕೂಗಿ, 112ಕ್ಕೆ ಕರೆ ಮಾಡಿ. ಸಮುದ್ರದಲ್ಲಿನ ರಕ್ಷಣೆಗೆ ಕೋಸ್ಟ್ ಗಾರ್ಡ್ ಸಂಖ್ಯೆ 1554.

2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ಸಮುದ್ರ ಪಾಲಾದದ್ದು ಮಳೆಗಾಲದಲ್ಲಲ್ಲ. ಹವೆ ಚೆನ್ನಾಗಿರುವ ತಿಂಗಳಲ್ಲೇ. "ಮಳೆಗಾಲ ಬಿಟ್ಟು ಬೇರೆ ಯಾವಾಗಲಾದರೂ ಪರವಾಗಿಲ್ಲ" ಎನ್ನುವವರಿಗೆ ಇದನ್ನು ನೆನಪಿಸಬೇಕಾಗುತ್ತದೆ.

ಬೆಂಕಿಯ ಮೇಲೆ ಮರಳು ಮುಚ್ಚಿದರೆ ಆರಿತೇ?

ಉರಿ ಆರುತ್ತದೆ, ಕೆಂಡ ಆರುವುದಿಲ್ಲ. ಮರಳು ಶಾಖವನ್ನು ಹೊರಹೋಗಲು ಬಿಡದೆ ಒಳಗೇ ಹಿಡಿದಿಡುತ್ತದೆ. ಕಡಲೆಕಾಯಿ ಹುರಿಯುವವರು ಮರಳನ್ನೇ ಯಾಕೆ ಬಳಸುತ್ತಾರೆ ಎಂದು ಯೋಚಿಸಿ. ಆಸ್ಟ್ರೇಲಿಯಾದಲ್ಲಿ ಸುಟ್ಟಗಾಯದ ತಜ್ಞರು ಅಳೆದು ನೋಡಿದಾಗ, ಮರಳು ಮುಚ್ಚಿದ ಬೆಂಕಿಯ ಜಾಗ ಎಂಟು ಗಂಟೆಯ ನಂತರವೂ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಇತ್ತು. ನೀರು ಸುರಿದು ಆರಿಸಿದ್ದು ಹತ್ತು ನಿಮಿಷದಲ್ಲಿ 50 ಡಿಗ್ರಿಗೆ ಇಳಿದಿತ್ತು. ಅವರು ಇದನ್ನು ಅಳೆಯಲು ಹೊರಟದ್ದೇ ಆಸ್ಪತ್ರೆಗೆ ಬರುತ್ತಿದ್ದ ಪುಟ್ಟ ಮಕ್ಕಳನ್ನು ನೋಡಿ. ರಾತ್ರಿ ಯಾರೋ ಬೆಂಕಿ ಹಾಕಿ ಮರಳು ಮುಚ್ಚಿ ಹೋಗಿರುತ್ತಾರೆ, ಬೆಳಿಗ್ಗೆ ಮಗು ಬರಿಗಾಲಲ್ಲಿ ಅದರ ಮೇಲೆ ಓಡುತ್ತದೆ. ಮೇಲಿಂದ ನೋಡಿದರೆ ಅಲ್ಲಿ ಏನೂ ಕಾಣುವುದಿಲ್ಲ.

ಬೆಂಕಿಗೆ ಅನುಮತಿ ಇರುವ ಕಡೆ ಹಾಕಿದರೂ ಬಕೆಟ್ಟುಗಟ್ಟಲೆ ಸಮುದ್ರದ ನೀರು ಸುರಿಯಿರಿ, ಕೆದಕಿ, ಮತ್ತೆ ಸುರಿಯಿರಿ. ಕೈ ಹತ್ತಿರ ಹಿಡಿದರೆ ಬಿಸಿ ತಾಗಬಾರದು. ಪಕ್ಕದಲ್ಲೇ ಅಷ್ಟು ನೀರಿರುವಾಗ ಮರಳು ಹುಡುಕುವುದೇಕೆ ಎಂಬುದು ನನಗಂತೂ ಅರ್ಥವಾಗಿಲ್ಲ.

ವ್ಯಾನಿನಲ್ಲಿ, ಟೆಂಟಿನಲ್ಲಿ ಮಲಗುವಾಗ

"ಕಿಟಕಿ ಒಂದಿಂಚು ತೆಗೆದಿಟ್ಟರೆ ಇದ್ದಿಲು ಒಲೆ ಒಳಗಿಟ್ಟುಕೊಳ್ಳಬಹುದು" ಎಂಬ ಸಲಹೆಯ ವಿಡಿಯೊಗಳೂ ಓಡಾಡುತ್ತಿವೆ. ದಯವಿಟ್ಟು ಇದನ್ನು ಯಾರಿಗೂ ಕಳಿಸಬೇಡಿ.

ಇದ್ದಿಲು, ಗ್ಯಾಸ್, ಪೆಟ್ರೋಲ್ ಯಾವುದೇ ಆಗಲಿ, ಪೂರ್ತಿ ಉರಿಯದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದ ಕೆಂಪು ಕೆಂಡದಿಂದಲೂ ಬರುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ತೂಕಡಿಕೆ. ಪಾರ್ಟಿ ಮುಗಿಸಿ ಮಲಗಿದವರು ಇದನ್ನು ಕುಡಿದದ್ದರ ಪರಿಣಾಮ ಎಂದುಕೊಳ್ಳುತ್ತಾರೆ, ನಿದ್ದೆ ಹೋದವರಿಗೆ ಅದೂ ಗೊತ್ತಾಗುವುದಿಲ್ಲ.

ಕರಾವಳಿಯಲ್ಲಿ ಅಂಥ ಚಳಿ ಎಲ್ಲಿದೆ ಎಂದು ಕೇಳಬಹುದು. ಚಳಿಗಿಂತ ಇಲ್ಲಿ ಅಪಾಯ ಬರುವುದು ಸೆಕೆಯಿಂದ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತದ್ದು ಗೊತ್ತಾಯಿತು. ಎ.ಸಿ. ನಡೆಸಲು ಹಾಕಿದ್ದ ಜನರೇಟರಿನ ವಿಷಾನಿಲ ಗಾಡಿಯ ಅಡಿಯಿಂದ ಒಳಗೆ ಸೇರಿತ್ತು ಎಂದು ಆಮೇಲಿನ ತಾಂತ್ರಿಕ ಪರೀಕ್ಷೆಯಲ್ಲಿ ಕಂಡುಬಂತು. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ ಎಂಟು ಪ್ರವಾಸಿಗರು ಹೋಟೆಲ್ ಕೋಣೆಯಲ್ಲಿ ತೀರಿಕೊಂಡದ್ದು ಗ್ಯಾಸ್ ಹೀಟರಿನಿಂದ.

ಕಡಲತೀರದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಮರಳಿನಲ್ಲಿ ಹೂತ ಕಾರಿನ ಸೈಲೆನ್ಸರ್ ಬಾಯಿ ಮುಚ್ಚಿಹೋಗಿರಬಹುದು. ಇಂಜಿನ್ ಚಾಲೂ ಇಟ್ಟು, ಎ.ಸಿ. ಹಾಕಿ ಮಲಗಿದರೆ ಹೊಗೆ ಹೊರಹೋಗುವ ಬದಲು ಗಾಡಿಯ ಅಡಿಯಲ್ಲೇ ತುಂಬುತ್ತದೆ. ಟೆಂಟಿನ ವಿಷಯವೂ ಅಷ್ಟೇ. ಬಟ್ಟೆಯೇ ತಾನೇ, ಗಾಳಿಯಾಡುತ್ತದೆ ಎಂದುಕೊಳ್ಳಬೇಡಿ. ನೀರು ಒಳಬಾರದ ಹಾಗೆ ಮಾಡಿದ ಬಟ್ಟೆಯಲ್ಲಿ ಗಾಳಿಯೂ ಸರಿಯಾಗಿ ಆಡುವುದಿಲ್ಲ. ಬಾರ್ಬೆಕ್ಯೂ ತಣ್ಣಗಾಗಿದೆ ಎಂದು ಒಳಗೆ ತಂದಿಡುವುದೂ ಬೇಡ. ಕ್ಯಾರವಾನ್ ಬಾಡಿಗೆಗೆ ಪಡೆಯುವವರು ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯೇ, ಒತ್ತಿದರೆ ಕೂಗುತ್ತದೆಯೇ ಎಂದು ಹೊರಡುವ ಮೊದಲೇ ನೋಡಬೇಕು. ಒಳಗಿದ್ದವರಿಗೆ ಒಟ್ಟಿಗೇ ತಲೆನೋವು ಬಂದರೆ ಮೊದಲು ಎಲ್ಲರೂ ಹೊರಗೆ, ಆಮೇಲೆ ಮಾತ್ರೆ.

ಜೆಲ್ಲಿ ಮೀನು ಕಡಿದರೆ ಮೂತ್ರ?

ಬೇಡ. 1997ರ 'ಫ್ರೆಂಡ್ಸ್' ಧಾರಾವಾಹಿಯ ಒಂದು ಕಂತು ಈ ನಂಬಿಕೆಯನ್ನು ಜಗತ್ತಿಗೆಲ್ಲ ಹಂಚಿತು. ಜೆಲ್ಲಿ ಮೀನಿನ ಎಳೆಗಳಲ್ಲಿ ಸ್ಪ್ರಿಂಗಿನಂತೆ ಸುತ್ತಿಕೊಂಡ ಸಾವಿರಾರು ಸೂಕ್ಷ್ಮ ಮುಳ್ಳುಕೋಶಗಳಿರುತ್ತವೆ. ಚರ್ಮಕ್ಕೆ ಅಂಟಿದ ಮೇಲೂ ಹಲವು ಸಿಡಿಯದೆ ಉಳಿದಿರುತ್ತವೆ. ಮೂತ್ರ, ಕುಡಿಯುವ ನೀರು, ಮರಳಿನಿಂದ ಉಜ್ಜುವುದು ಇವೆಲ್ಲ ಉಳಿದವನ್ನೂ ಸಿಡಿಸಬಹುದು. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿದ ಎಳೆಯನ್ನು ಚಿಮಟದಿಂದ ತೆಗೆದು, ಸಹಿಸಬಹುದಾದಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ, ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಇಟ್ಟರೆ ನೋವು ತಗ್ಗುತ್ತದೆ. ತೊರಕೆ ಮೀನಿನ ಮುಳ್ಳು ಚುಚ್ಚಿದಾಗಲೂ ಬಿಸಿ ನೀರೇ ಮೊದಲ ಉಪಚಾರ, ಆದರೆ ಆಮೇಲೆ ವೈದ್ಯರಿಗೆ ತೋರಿಸಲೇಬೇಕು. ಉಸಿರಾಟ ಕಷ್ಟವಾದರೆ, ಮುಖ ಊದಿದರೆ ಕಾಯದೆ 108ಕ್ಕೆ ಕರೆ ಮಾಡಿ.

"ದಡದಲ್ಲಿ ಗುಂಡಿ ತೋಡಿದರೆ ಮರಳು ಉಪ್ಪನ್ನು ಸೋಸಿ ಸಿಹಿನೀರು ಕೊಡುತ್ತದೆ" ಎಂಬುದೂ ಅಷ್ಟೇ. ಮರಳು ಕಸ ಸೋಸಬಹುದು, ಕರಗಿದ ಉಪ್ಪನ್ನಲ್ಲ. ದಡದಿಂದ ಒಳಗೆ ಕೆಲವು ಬಾವಿಗಳಲ್ಲಿ ಸಿಹಿನೀರು ಸಿಗುವುದು ಮಳೆನೀರು ಇಂಗಿ ಉಪ್ಪುನೀರಿನ ಮೇಲೆ ತೇಲುತ್ತಿರುವುದರಿಂದ. ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ.

ಕೊನೆಗೆ, 'ಫ್ರೀ' ವಿಷಯ

"ಸಮುದ್ರ ಯಾರಪ್ಪನ ಆಸ್ತಿಯೂ ಅಲ್ಲ" ಎಂಬ ಸಾಲು ಸೇರಿಸಿದ ಫಾರ್ವರ್ಡ್ ಕೂಡ ನೋಡಿದ್ದೇನೆ. ಯಾರದೂ ಅಲ್ಲ ನಿಜ, ಆದರೆ ಬಿಟ್ಟಿ ಜಾಗವೂ ಅಲ್ಲ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ತೆರೆದ ಸಮುದ್ರದ ದಂಡೆಯಲ್ಲಿ ಉಬ್ಬರದ ಗೆರೆಯಿಂದ ಒಳಗೆ 500 ಮೀಟರ್‌ವರೆಗೆ ಅನ್ವಯಿಸುತ್ತದೆ. ಮರಳುದಿಬ್ಬಗಳನ್ನು ಸಮತಟ್ಟು ಮಾಡುವಂತಿಲ್ಲ. ತಾತ್ಕಾಲಿಕ ಪ್ರವಾಸಿ ಸೌಲಭ್ಯಗಳೂ ಉಬ್ಬರದ ಗೆರೆಯಿಂದ ಕನಿಷ್ಠ 10 ಮೀಟರ್ ದೂರ ಇರಬೇಕು ಎನ್ನುತ್ತದೆ. ಗೋವಾದಲ್ಲಿ ಕಡಲತೀರದಲ್ಲಿ ಗಾಡಿ ಓಡಿಸುವುದು, ಬಯಲಲ್ಲಿ ಅಡುಗೆ ಮಾಡುವುದು ದಂಡಕ್ಕೆ ದಾರಿ. ನಮ್ಮಲ್ಲಿ ಊರಿಂದೂರಿಗೆ ನಿಯಮ ಬೇರೆ. ಹೊರಡುವ ಮೊದಲು ಅಲ್ಲಿನ ಪಂಚಾಯಿತಿ ಅಥವಾ ಪೊಲೀಸ್ ಠಾಣೆಗೆ ಒಂದು ಫೋನ್ ಮಾಡಿದರೆ ಮಧ್ಯರಾತ್ರಿ ಎಬ್ಬಿಸಿ ಕಳಿಸುವ ಅವಮಾನ ತಪ್ಪುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ದಡದ ಹಿಂದಿನ ಯಾರದಾದರೂ ತೆಂಗಿನ ತೋಟದಲ್ಲಿ ದುಡ್ಡು ಕೊಟ್ಟು ಟೆಂಟ್ ಹಾಕುವುದೇ ವಾಸಿ. ಶೌಚಾಲಯ ಇರುತ್ತದೆ, ಕೂಗಿದರೆ ಓಗೊಡುವವರು ಇರುತ್ತಾರೆ.

ಕಸದ ಗೆರೆಯ ಮೇಲಿನ ಒಣ ಮರಳು ನಮ್ಮ ಟೆಂಟಿಗಷ್ಟೇ ಅಲ್ಲ, ಕಡಲಾಮೆಗೂ ಇಷ್ಟದ ಜಾಗ. ಆಲಿವ್ ರಿಡ್ಲಿ ಆಮೆಗಳು ನಮ್ಮ ಕರಾವಳಿಯಲ್ಲಿ ಮೊಟ್ಟೆಯಿಡುವುದು ಸರಿಯಾಗಿ ಈ ಚಳಿಗಾಲದ ಕ್ಯಾಂಪಿಂಗ್ ತಿಂಗಳುಗಳಲ್ಲಿ. ಹೊನ್ನಾವರದ ಕಾಸರಕೋಡಿನಂಥ ಕಡೆ ಊರಿನವರೂ ಅರಣ್ಯ ಇಲಾಖೆಯವರೂ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಮೊಟ್ಟೆ ಮರಳಿನಡಿ ಸುಮಾರು ಒಂದೂವರೆ ಅಡಿ ಆಳದಲ್ಲಿ ಐವತ್ತು ದಿನದ ಆಸುಪಾಸು ಇರುತ್ತವೆ. ಮೇಲಿಂದ ಗುರುತು ಸಿಗುವುದಿಲ್ಲ. ಗಾಡಿಯ ಚಕ್ರ ಹಾದರೆ, ಬೆಂಕಿ ಹಾಕಿದರೆ ಒಂದು ಗೂಡಿನ ನೂರರಷ್ಟು ಮೊಟ್ಟೆಗಳು ಹೋದವು. ಮರಿಗಳು ಹೊರಬಂದ ರಾತ್ರಿ ಸಮುದ್ರದ ಮೇಲಿನ ಬೆಳಕನ್ನು ಅನುಸರಿಸಿ ನೀರಿಗೆ ಹೋಗಬೇಕು, ನಮ್ಮ ಎಲ್‌ಇಡಿ ದೀಪ ಕಂಡರೆ ಅದರತ್ತ ತಿರುಗುತ್ತವೆ. ಟ್ರ್ಯಾಕ್ಟರ್ ಟಯರಿನಂಥ ಗುರುತು ನೀರಿನಿಂದ ಮೇಲಕ್ಕೆ ಬಂದು ವಾಪಸ್ ಹೋಗಿದ್ದು ಕಂಡರೆ, ಅಥವಾ ಮರಿಗಳು ಕಂಡರೆ ದೀಪ ಆರಿಸಿ, ಕೈಯಲ್ಲಿ ಎತ್ತಿಕೊಂಡು ಸೆಲ್ಫಿ ತೆಗೆಯದೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಟೆಂಟನ್ನು ಬೇರೆ ಕಡೆಗೆ ಎತ್ತಿಕೊಂಡು ಹೋಗಿ.